ಬ್ಲಾಕ್ ಆಗಿದ್ದ ಮೂರು ನಂಬರ್: ಸಿದ್ದಾಪುರ ಸುತ್ತಿನ ಒಂದು ಶಿಸ್ತಿನ ಪ್ರಕರಣ

ಕೊಡಗಿನ ಸಿದ್ದಾಪುರ ಸುತ್ತಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಐದನೇ ತರಗತಿಯ ಹುಡುಗನ ಅಂಗೈಗೆ ಕೈವಾರದ ಮೊನೆ ಚುಚ್ಚಿದ. ಜನವರಿ ತಿಂಗಳು, ರೊಬಸ್ಟಾ ಕಾಫಿಯ ಕೊಯ್ಲು ಭರದಿಂದ ಸಾಗಿದ್ದ ಹೊತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗಾಯ ತೊಳೆದು, ಟಿಟಿ ಚುಚ್ಚುಮದ್ದು ಕೊಟ್ಟು, ಪಟ್ಟಿ ಕಟ್ಟಿ ಕಳಿಸಿದರು. ಇಷ್ಟಕ್ಕೇ ನಿಂತಿದ್ದರೆ ಶಾಲೆಯ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡೂ ಕುಟುಂಬಗಳು ಒಂದೇ ತೋಟದಲ್ಲಿ ದುಡಿಯುತ್ತವೆ, ತೋಟದ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಬೇರೆ ಬೇರೆ ಸಾಲಿನಲ್ಲಿವೆ. ಅಂದು ಸಂಜೆ ಹಣ್ಣಿನ ಚೀಲಗಳನ್ನು ತೂಕಕ್ಕೆ ಇಟ್ಟು ಕಾಯುತ್ತಿದ್ದ ಜಾಗದಲ್ಲೇ ತಾಯಂದಿರಿಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಬಂದು ಬಿಡಿಸಬೇಕಾಯಿತು. ಮರುದಿನ ಗಾಯಗೊಂಡವನ ತಾಯಿ ಕೂಲಿ ಬಿಟ್ಟು ಶಾಲೆಗೆ ಬಂದರು. ಚುಚ್ಚಿದವನಿಗೆ ಟಿಸಿ ಕೊಟ್ಟು ಕಳಿಸಬೇಕು, ಬೇರೆ ಮಾತೇ ಬೇಡ ಎಂದರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದರು. ನಿವೃತ್ತ ಶಿಕ್ಷಕ, ಯಾರ ಕಡೆಯವನೂ ಅಲ್ಲ ಎಂಬ ಕಾರಣಕ್ಕೆ ನನಗೂ ಹೇಳಿಕಳಿಸಿದರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ.

ಮುಖ್ಯ ಶಿಕ್ಷಕಿಯ ರಿಜಿಸ್ಟರ್

ಸಭೆಗೆ ಮೊದಲು ನಾನು ಕೇಳಿದ್ದು ಹುಡುಗನ ಬಗ್ಗೆ ಬರೆದಿಟ್ಟ ದಾಖಲೆಯನ್ನು. ಮುಖ್ಯ ಶಿಕ್ಷಕಿ ಅಚ್ಚುಕಟ್ಟಿನವರು. ಪೋಷಕರೊಂದಿಗೆ ನಡೆದ ಸಂಪರ್ಕಕ್ಕೆಂದೇ ಒಂದು ರಿಜಿಸ್ಟರ್ ಇಟ್ಟಿದ್ದರು. ಜೂನ್‌ನಲ್ಲಿ ಶುರುವಾದ ನಮೂದುಗಳನ್ನು ಓದುತ್ತ ಹೋದೆ. ‘ತಡವಾಗಿ ಬಂದ, ತಂದೆಗೆ ಕರೆ ಮಾಡಲಾಯಿತು.’ ‘ಹೋಂವರ್ಕ್ ಮಾಡಿಲ್ಲ, ತಂದೆಗೆ ತಿಳಿಸಲಾಯಿತು.’ ‘ಪಾಠದ ನಡುವೆ ಮಾತು, ತಂದೆಗೆ ಕರೆ.’ ಮಳೆ ರಜೆ, ದಸರಾ ರಜೆ ಕಳೆದು ನವೆಂಬರ್‌ವರೆಗೆ ಹತ್ತಕ್ಕೂ ಹೆಚ್ಚು ಕರೆಗಳು. ಆಮೇಲೆ ಬರೆಹ ಬದಲಾಗುತ್ತದೆ: ‘ತಂದೆ ಕರೆ ಸ್ವೀಕರಿಸಲಿಲ್ಲ.’ ಡಿಸೆಂಬರ್ ಪೂರ್ತಿ ಅದೇ ಸಾಲು. ಕೊನೆಯ ನಮೂದಿನಲ್ಲಿ ಶಿಕ್ಷಕರ ಸಿಟ್ಟೂ ಸೇರಿಕೊಂಡಿತ್ತು: ‘ಪೋಷಕರಿಗೆ ಆಸಕ್ತಿ ಇಲ್ಲ.’

ರಿಜಿಸ್ಟರ್‌ನಲ್ಲಿ ಕಾಣದ ಒಂದು ಅಂಶವೇ ನನಗೆ ಹೆಚ್ಚು ಕಂಡಿತು. ಹುಡುಗ ತಡವಾಗಿ ಬಂದ ದಿನ ಶಾಲೆ ಏನು ಮಾಡಿತು ಎಂಬುದು ಎಲ್ಲಿಯೂ ಇಲ್ಲ. ತಪ್ಪು ನಡೆದದ್ದು ಶಾಲೆಯಲ್ಲಿ, ಪರಿಹಾರ ನಡೆಯಬೇಕಾದದ್ದು ಸಂಜೆ ಮನೆಯಲ್ಲಿ. ನಡುವೆ ಒಂದು ಫೋನ್ ಕರೆ.

ಮನೆಯ ಕಡೆಯ ಲೆಕ್ಕವೂ ಹೇಳಬೇಕು. ತಂದೆ ತೋಟದ ಪಿಕಪ್ ಚಾಲಕ. ಬೆಳಿಗ್ಗೆ ಏಳಕ್ಕೆ ಮುಂಚೆಯೇ ಕಾರ್ಮಿಕರನ್ನು ಕರೆತರಲು ಹೊರಡುತ್ತಾರೆ. ತಾಯಿ ಎಂಟಕ್ಕೆ ಹಾಜರಿಗೆ ನಿಲ್ಲಬೇಕು. ಶಾಲೆ ಶುರುವಾಗುವುದು ಹತ್ತರ ಹೊತ್ತಿಗೆ. ಹನ್ನೆರಡು ವರ್ಷದ ಹುಡುಗ ಆ ಎರಡು ಗಂಟೆ ಲೈನ್ ಮನೆಯಲ್ಲಿ ಒಬ್ಬನೇ. ಸ್ನಾನ, ತಿಂಡಿ, ಬೀಗ ಹಾಕುವುದು, ಹೊರಡುವುದು ಎಲ್ಲವೂ ಅವನದೇ. ಸಂಜೆ ಶಾಲೆ ಬಿಟ್ಟ ಮೇಲೂ ಕೊಯ್ಲಿನ ದಿನಗಳಲ್ಲಿ ತೂಕ ಮುಗಿಯದೆ ಅಮ್ಮ ಬರುವುದಿಲ್ಲ. ಹೆಚ್ಚು ಕಿಲೋ ಕೊಯ್ದರೆ ಹೆಚ್ಚು ಕೂಲಿ, ವರ್ಷದಲ್ಲಿ ನಾಲ್ಕು ಕಾಸು ಕೂಡುವ ಕಾಲ ಅದೊಂದೇ. ಬೇಗ ಮನೆಗೆ ಹೋಗಿ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿದೆ?

ತಡವಾಗಿ ಬರುವುದಕ್ಕೆ ಹುಡುಗನ ಕಾರಣ ಸದಾ ಒಂದೇ: ದಾರಿಯಲ್ಲಿ ಆನೆ ಇತ್ತು. ಬೇರೆ ಊರಿನಲ್ಲಾದರೆ ಇಂಥ ನೆಪಕ್ಕೆ ನಗಬಹುದಿತ್ತು. ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆಯ ತೋಟಗಳಲ್ಲಿ ಆನೆ ನಿಜವಾಗಿಯೂ ದಾರಿಯಲ್ಲಿ ಇರುತ್ತದೆ, ಮನುಷ್ಯರು ಸತ್ತೂ ಇದ್ದಾರೆ. ಆದ್ದರಿಂದ ಯಾವ ಶಿಕ್ಷಕರೂ ‘ಸುಳ್ಳು ಹೇಳಬೇಡ’ ಎನ್ನಲಾರರು. ಹುಡುಗನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಗಿನ ಹಾಲು ಅವನಿಗೆ ತಪ್ಪುತ್ತಿತ್ತು, ಮೊದಲ ಪೀರಿಯಡ್‌ನ ಗಣಿತವೂ ತಪ್ಪುತ್ತಿತ್ತು. ಗಣಿತ ತಪ್ಪಿದವನಿಗೆ ಹೋಂವರ್ಕ್ ಮಾಡಲು ಬರುತ್ತಿರಲಿಲ್ಲ. ರಿಜಿಸ್ಟರ್‌ನಲ್ಲಿ ಎರಡು ಬೇರೆ ಅಪರಾಧಗಳಾಗಿ ಕಾಣುವುದು ಹೀಗೆ ಒಂದೇ ಆಗಿತ್ತು.

ಸಭೆ

ಸಭೆಯ ಮೊದಲ ಅರ್ಧ ಗಂಟೆ ಇಂಥ ಸಭೆಗಳಲ್ಲಿ ಎಂದೂ ನಡೆಯುವಂತೆಯೇ ನಡೆಯಿತು. ತರಗತಿ ಶಿಕ್ಷಕರು, ಮನೆಯಲ್ಲಿ ಸಂಸ್ಕಾರ ಕಲಿಸದಿದ್ದರೆ ನಾವೇನು ಮಾಡಲಿ ಎಂದರು. ತಂದೆ, ದಿನವಿಡೀ ನಿಮ್ಮ ಹತ್ತಿರವೇ ಇರುತ್ತಾನಲ್ಲ, ನಾನು ಅವನ ಮುಖ ನೋಡುವುದು ರಾತ್ರಿ ಊಟದ ಹೊತ್ತಿಗೆ ಎಂದರು. ಆಮೇಲೆ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿ ತಂದೆಯೂ ಹೇಳುವ ಮಾತನ್ನು ಅವರೂ ಹೇಳಿದರು: ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಮೇಷ್ಟ್ರೇ, ನಾನು ಕೇಳಲು ಬರುವುದಿಲ್ಲ.’ ಶಿಕ್ಷಕರು ನಕ್ಕರು. ‘ನೀವು ಬರುವುದಿಲ್ಲ, ವಿಡಿಯೋ ಬರುತ್ತದೆ. ಮರುದಿನ ಅಮಾನತು ಆದೇಶ ಬರುತ್ತದೆ.’

ಈ ಅನುಮತಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಕೊಡುವವರೂ ಪಡೆಯುವವರೂ ಅದಕ್ಕೆ ಬೆಲೆ ಇದೆ ಎಂದೇ ನಂಬಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ, ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಎನ್ನುತ್ತದೆ. ‘ತಂದೆ ಒಪ್ಪಿದ್ದರೆ ಪರವಾಗಿಲ್ಲ’ ಎಂಬ ವಿನಾಯಿತಿ ಅಲ್ಲಿ ಇಲ್ಲ. ಹೊಡೆಯುವ ಹಕ್ಕನ್ನು ಶಿಕ್ಷಕರಿಗೆ ದಾನ ಮಾಡುವ ಅಧಿಕಾರ ತಂದೆಗಿಲ್ಲ ಎಂದೇ ಅರ್ಥ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಂತೂ ಬೆಂಚಿನ ಮೇಲೆ ನಿಲ್ಲಿಸುವುದು, ಮಂಡಿಯೂರಿಸುವುದು, ಅಡ್ಡಹೆಸರಿಟ್ಟು ಹೀಯಾಳಿಸುವುದು ಎಲ್ಲವನ್ನೂ ಪಟ್ಟಿಗೆ ಸೇರಿಸಿದೆ. ಟಿಸಿಯ ಬೇಡಿಕೆಗೂ ಇದೇ ಗತಿ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 16ನೇ ಸೆಕ್ಷನ್. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸಲು ದಾರಿ ಮಾಡಿತೇ ಹೊರತು ಹೊರಹಾಕಲು ಅಲ್ಲ.

ಇದನ್ನು ಓದಿ ಹೇಳಿದಾಗ ಗಾಯಗೊಂಡವನ ತಾಯಿ ಕೇಳಿದ ಪ್ರಶ್ನೆಗೆ ಸಭೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ: ‘ಹೊಡೆಯುವ ಹಾಗಿಲ್ಲ, ಕಳಿಸುವ ಹಾಗಿಲ್ಲ, ಹಾಗಾದರೆ ನನ್ನ ಮಗನ ಕೈಗೆ ಯಾರು ಜವಾಬ್ದಾರಿ?’

ತರಗತಿ ಶಿಕ್ಷಕರು ಅದಕ್ಕೆ ಹೇಳಿದ ಮಾತು ಇನ್ನೊಂದು ಬಗೆಯಲ್ಲಿ ಸತ್ಯವಾಗಿತ್ತು. ‘ನನಗೆ ಬೆತ್ತ ಬೇಡ. ಆದರೆ ಬೆತ್ತ ಕಿತ್ತುಕೊಂಡವರು ಅದರ ಬದಲಿಗೆ ಏನು ಎಂದು ಹೇಳಿಕೊಡಲಿಲ್ಲ. ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆಯ ಆನ್‌ಲೈನ್ ವ್ಯವಸ್ಥೆಗೆ ಮಾಹಿತಿ ತುಂಬುವುದು, ಇದರ ನಡುವೆ ಎರಡು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ. ನನ್ನ ಕೈಯಲ್ಲಿ ಉಳಿದಿರುವುದು ಫೋನ್ ಒಂದೇ.’

ಊರಿನ ಹಿರಿಯರೊಬ್ಬರು ‘ದಂಡಂ ದಶಗುಣಂ’ ಎಂದು ಶುರು ಮಾಡಿದರು. ನಾವೆಲ್ಲ ಪೆಟ್ಟು ತಿಂದೇ ಮನುಷ್ಯರಾದೆವು ಎಂಬ ಭಾಷಣ ಬಂತು. ಈ ಭಾಷಣವನ್ನು ಸಾಕಷ್ಟು ಕೇಳಿದ್ದೇನೆ. ಪೆಟ್ಟು ತಿಂದು ಮುಂದೆ ಬಂದವರು ಸಭೆಗಳಿಗೆ ಬಂದು ಮಾತನಾಡುತ್ತಾರೆ. ಪೆಟ್ಟಿಗೆ ಹೆದರಿ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು ಆ ಹೊತ್ತಿಗೆ ತೋಟದಲ್ಲಿ ಕೆಲಸ ಮಾಡುತ್ತಿರುತ್ತಾರೆ.

ಮೇಜಿನ ಮೇಲಿದ್ದ ಮೊಬೈಲ್

ಕರೆ ಮಾಡಿದರೆ ಎತ್ತುವುದಿಲ್ಲವೇಕೆ ಎಂಬ ಪ್ರಶ್ನೆಗೆ ಬಂದಾಗ ಸಭೆಯ ದಿಕ್ಕು ತಪ್ಪಿತು, ಅಥವಾ ಸರಿಯಾದ ದಿಕ್ಕಿಗೆ ತಿರುಗಿತು. ತಂದೆ ಗೊಂದಲಕ್ಕೆ ಬಿದ್ದರು. ‘ಯಾವ ಕರೆ? ದೀಪಾವಳಿ ಕಳೆದ ಮೇಲೆ ನಿಮ್ಮಿಂದ ಒಂದು ಕರೆಯೂ ಬಂದಿಲ್ಲ. ಹುಡುಗ ಸುಧಾರಿಸಿದ ಎಂದುಕೊಂಡಿದ್ದೆ.’ ಈ ಸಭೆಗೆ ಬರಬೇಕೆಂಬ ಸುದ್ದಿಯೂ ಅವರಿಗೆ ತಲುಪಿದ್ದು ತೋಟದ ರೈಟರ್ ಮೂಲಕ. ಮುಖ್ಯ ಶಿಕ್ಷಕಿ ಅಲ್ಲೇ ಕುಳಿತು ಕರೆ ಮಾಡಿದರು. ಅವರ ಕಿವಿಯಲ್ಲಿ ಬ್ಯುಸಿ ಎಂಬ ದನಿ. ತಂದೆಯ ಮೊಬೈಲ್ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ, ಎಲ್ಲರ ಕಣ್ಣೆದುರು ಸುಮ್ಮನೆ ಬಿದ್ದಿತ್ತು, ಮಿಸುಕಲೂ ಇಲ್ಲ. ತರಗತಿ ಶಿಕ್ಷಕರು ಮಾಡಿದರು. ಅದೇ ಕಥೆ. ಅತಿಥಿ ಶಿಕ್ಷಕಿಯೊಬ್ಬರು, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು, ಆ ಮೊಬೈಲ್ ಕೈಗೆತ್ತಿಕೊಂಡು ಸೆಟ್ಟಿಂಗ್ಸ್ ತೆರೆದು ತೋರಿಸಿದರು. ಬ್ಲಾಕ್ ಆದ ನಂಬರ್‌ಗಳ ಪಟ್ಟಿಯಲ್ಲಿ ಮೂರು ಸಾಲು: ಮುಖ್ಯ ಶಿಕ್ಷಕಿ, ತರಗತಿ ಶಿಕ್ಷಕರು, ಮತ್ತು ಆ ಅತಿಥಿ ಶಿಕ್ಷಕಿಯೇ.

ಯಾರೋ ನಕ್ಕರು. ತಂದೆಯ ಮುಖ ನೋಡಿ ನಿಲ್ಲಿಸಿದರು.

ಹುಡುಗನನ್ನು ಸಭೆಯಲ್ಲಿ ನಿಲ್ಲಿಸಿ ವಿಚಾರಿಸುವುದು ಬೇಡವೆಂದು ಮುಖ್ಯ ಶಿಕ್ಷಕಿ ಹಟ ಹಿಡಿದರು. ಅವರ ಈ ಹಟಕ್ಕೆ ನನ್ನ ಮೆಚ್ಚುಗೆಯಿದೆ. ಅತಿಥಿ ಶಿಕ್ಷಕಿ ಅವನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಮಾತನಾಡಿಸಿದರು. ಅವನು ಹೇಳಿದ್ದರಲ್ಲಿ ಗುಟ್ಟು ಏನೂ ಇರಲಿಲ್ಲ. ಶಾಲೆಯಿಂದ ಕರೆ ಹೋದ ದಿನ ರಾತ್ರಿ ಪೆಟ್ಟು. ಕಾಫಿ ಗಿಡದ ಕಂಬಚಿಗುರು, ಅಂದರೆ ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರುಕೋಲು, ಎಲೆ ಸವರಿ ಬಾಗಿಲ ಸಂದಿಯಲ್ಲಿ ಇಟ್ಟಿರುತ್ತಿತ್ತು. ತಡವಾದದ್ದಕ್ಕೂ ಅದೇ, ಹೋಂವರ್ಕಿಗೂ ಅದೇ, ಮಾತನಾಡಿದ್ದಕ್ಕೂ ಅದೇ. ದಸರಾ ರಜೆಯ ನಂತರ ಒಂದು ದಿನ ತಂದೆ ಸ್ನಾನಕ್ಕೆ ಹೋದಾಗ ಮೂರು ನಂಬರ್‌ಗಳನ್ನು ಬ್ಲಾಕ್ ಮಾಡಿದ. ಎರಡು ತಿಂಗಳು ಮನೆಯಲ್ಲಿ ಪೆಟ್ಟಿಲ್ಲ, ಶಾಲೆಯಲ್ಲಿ ಕೇಳುವವರಿಲ್ಲ. ಜನವರಿಯಲ್ಲಿ ಆ ಚಿಕ್ಕ ಹುಡುಗ ಹೇಳಿದ: ‘ನೀನು ದಿನಾ ತಡವಾಗಿ ಬರುವುದನ್ನು ನಮ್ಮಮ್ಮನಿಗೆ ಹೇಳುತ್ತೇನೆ, ಅವರು ನಿಮ್ಮಮ್ಮನಿಗೆ ಹೇಳುತ್ತಾರೆ.’ ಇಬ್ಬರು ತಾಯಂದಿರೂ ಒಂದೇ ಗ್ಯಾಂಗಿನಲ್ಲಿ ಕೊಯ್ಯುವವರು. ಬ್ಲಾಕ್ ಮಾಡಲು ಬಾರದ ದಾರಿ ಅದೊಂದೇ ಉಳಿದಿತ್ತು. ಕೈವಾರ ಅವನ ಕೈಯಲ್ಲೇ ಇತ್ತು.

ಚುಚ್ಚಿದ್ದನ್ನು ಇದು ಸಮರ್ಥಿಸುವುದಿಲ್ಲ. ಹುಡುಗ ಮಾಡಿದ್ದು ಕ್ರೌರ್ಯ, ಅವನಿಗಿಂತ ಎರಡು ವರ್ಷ ಚಿಕ್ಕವನ ಮೇಲೆ. ಆದರೆ ಶಿಸ್ತಿನ ಹೆಸರಿನಲ್ಲಿ ಶಾಲೆಯೂ ಮನೆಯೂ ಸೇರಿ ಕಟ್ಟಿದ ವ್ಯವಸ್ಥೆ ಅವನಿಗೆ ಏನು ಕಲಿಸಿತ್ತು? ಮಾಹಿತಿ ಮನೆ ತಲುಪುವುದೇ ಅಪಾಯ ಎಂದು ಕಲಿಸಿತ್ತು. ಪಾಠವನ್ನು ಅವನು ಚೆನ್ನಾಗಿಯೇ ಕಲಿತಿದ್ದ.

ನನ್ನ ಅಭಿಪ್ರಾಯ ಕೆಲವು ಶಿಕ್ಷಕ ಮಿತ್ರರಿಗೆ ಹಿಡಿಸದು. ಈ ಶಾಲೆ ಒಬ್ಬ ಹುಡುಗನನ್ನೂ ಮುಟ್ಟಿಲ್ಲ. ಕಾಯ್ದೆಯ ಕಣ್ಣಿಗೆ ನಿರ್ಮಲ. ಆದರೂ ಪ್ರತಿ ಕರೆಯ ತುದಿಯಲ್ಲಿ ಒಂದು ಪೆಟ್ಟು ಇದೆ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ‘ನಿಮ್ಮಪ್ಪನಿಗೆ ಫೋನ್ ಮಾಡುತ್ತೇನೆ’ ಎಂಬ ಬೆದರಿಕೆ ಕೆಲಸ ಮಾಡುವುದೇ ಅಪ್ಪ ಹೊಡೆಯುತ್ತಾನೆ ಎಂಬ ಕಾರಣದಿಂದ. ಬೆತ್ತ ಶಾಲೆಯಿಂದ ಹೋಗಲಿಲ್ಲ, ತಂದೆಯ ಕೈಗೆ ವರ್ಗವಾಯಿತು. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರು ಪೋಷಕರನ್ನು ನಿಯಮಿತವಾಗಿ ಭೇಟಿಯಾಗಬೇಕು ಎನ್ನುತ್ತದೆ ನಿಜ. ಅಲ್ಲಿ ಹೇಳಿರುವ ವಿಷಯಗಳು ಹಾಜರಾತಿ, ಕಲಿಕೆಯ ಸಾಮರ್ಥ್ಯ, ಪ್ರಗತಿ ಮುಂತಾದವು. ದೂರು ಒಪ್ಪಿಸಿ ಶಿಕ್ಷೆ ತರಿಸಿಕೊಳ್ಳುವ ಏರ್ಪಾಡು ಅದಲ್ಲ.

ಸುಬೇದಾರರ ಮಾತು

ಕೊಡಗಿನಲ್ಲಿ ಶಿಸ್ತು ಎಂದೊಡನೆ ಸೇನೆಯ ನೆನಪು ಬರುವುದು ಸಹಜ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ. ಪ್ರತಿ ಊರಿನಲ್ಲಿಯೂ ನಿವೃತ್ತ ಸೈನಿಕರು ಇದ್ದೇ ಇರುತ್ತಾರೆ. ಆ ಸಭೆಯಲ್ಲಿಯೂ ಒಬ್ಬರಿದ್ದರು, ಮೊಮ್ಮಗಳ ಪೋಷಕರಾಗಿ ಬಂದವರು. ಇವರೂ ಬೆತ್ತದ ಪರ ಮಾತನಾಡುತ್ತಾರೆ ಎಂದೇ ಎಲ್ಲರೂ ತಿಳಿದಿದ್ದೆವು. ಅವರು ಎದ್ದು ನಿಂತು ಹೇಳಿದ್ದು ಇಷ್ಟು: ‘ನಾನು ಪರೇಡಿಗೆ ತಡವಾದರೆ ನಮ್ಮ ಸುಬೇದಾರರು ನನ್ನ ಅಪ್ಪನಿಗೆ ಕಾಗದ ಬರೆಯುತ್ತಿರಲಿಲ್ಲ. ಮೈದಾನದ ತಪ್ಪು ಮೈದಾನದಲ್ಲೇ ಮುಗಿಯುತ್ತಿತ್ತು. ರಜೆಗೆ ಊರಿಗೆ ಹೋದಾಗ ಅಪ್ಪ ಖುಷಿಯಿಂದ ಮಾತನಾಡಿಸುತ್ತಿದ್ದರು.’

ಹನ್ನೆರಡರ ಹುಡುಗ ಸಿಪಾಯಿ ಅಲ್ಲ, ಶಾಲೆ ರೆಜಿಮೆಂಟ್ ಅಲ್ಲ. ಹಾಗಿದ್ದರೂ ಅರ್ಧ ದಿನದ ಸಭೆಯಲ್ಲಿ ಅಷ್ಟು ಉಪಯೋಗಕ್ಕೆ ಬಂದ ಮಾತು ಬೇರೆ ಇರಲಿಲ್ಲ. ‘ಯಾರು ಜವಾಬ್ದಾರಿ’ ಎಂದು ವಾದಿಸುತ್ತಿದ್ದವರು ಅಲ್ಲಿಂದ ‘ಎಲ್ಲಿ ನಡೆದದ್ದು’ ಎಂದು ಕೇಳತೊಡಗಿದರು. ಶಾಲೆಯೊಳಗೆ ನಡೆದದ್ದಕ್ಕೆ ಶಾಲೆಯೇ ಅಂದೇ ಉತ್ತರ ಕೊಟ್ಟು ಮುಗಿಸಬೇಕು. ತಡವಾಗಿ ಬಂದರೆ ತಪ್ಪಿದ ಗಣಿತವನ್ನು ಊಟದ ಬಿಡುವಿನ ಕೊನೆಯ ಹದಿನೈದು ನಿಮಿಷ ಕುಳಿತು ಮಾಡುವುದು, ಅತಿಥಿ ಶಿಕ್ಷಕಿ ಜೊತೆಗಿರುವುದು. ಆಟ ಪೂರ್ತಿ ತಪ್ಪಿಸಬಾರದು ಎಂದು ನಾನು ಹಟ ಮಾಡಿದೆ. ಆನೆಯ ನೆಪಕ್ಕೆ ಸುಲಭದ ಪರಿಹಾರ ಸಿಕ್ಕಿತು: ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಬೆಳಿಗ್ಗೆ ಸಂದೇಶ ಹಾಕುವ ವಾಟ್ಸ್ಆ್ಯಪ್ ಗುಂಪಿಗೆ ಮುಖ್ಯ ಶಿಕ್ಷಕಿಯೂ ಸೇರಿಕೊಂಡರು. ಮನೆಗೆ ಕರೆ ಮಾಡುವುದು ಗಾಯ, ಕಾಯಿಲೆ, ತಿಳಿಸದೆ ಗೈರುಹಾಜರಿಗೆ ಮಾತ್ರ. ಜೊತೆಗೆ, ತಿಂಗಳಿಗೆ ಒಂದಾದರೂ ಒಳ್ಳೆಯ ಸುದ್ದಿಯ ಕರೆ. ಕೊನೆಯ ಅಂಶಕ್ಕೆ ತರಗತಿ ಶಿಕ್ಷಕರು ಮುಖ ಸಿಂಡರಿಸಿದರೂ ಸಹಿ ಹಾಕಿದರು.

ತಂದೆಯ ಕೈಯ ಮೇಲೆ ಸಮಿತಿಗೆ ಅಧಿಕಾರವಿಲ್ಲ. ಆದರೆ ಮನೆಯೊಳಗಿನ ಪೆಟ್ಟು ಕಾನೂನಿನ ಹೊರಗೇನೂ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಹೊಣೆ ಹೊತ್ತ ಯಾರೇ ಆಗಲಿ ಅನಗತ್ಯ ನೋವಾಗುವಂತೆ ಹಲ್ಲೆ ಮಾಡಿದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ದಂಡ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ನಾನು ಇದನ್ನು ಹೇಳಿದಾಗ ತಂದೆ ತಲೆ ತಗ್ಗಿಸಿದರು, ಒಪ್ಪಿಕೊಂಡಂತೆ ಕಾಣಲಿಲ್ಲ. ಸಮಿತಿಯ ಸದಸ್ಯೆಯೊಬ್ಬರು, ಅವರೂ ಕೊಯ್ಲಿನ ಕೆಲಸದವರೇ, ಹೇಳಿದ್ದು ತಟ್ಟಿತು: ‘ನೀನು ಹೊಡೆಯುತ್ತಿರುವಷ್ಟು ದಿನ ನಿನಗೆ ಯಾರೂ ಏನೂ ಹೇಳುವುದಿಲ್ಲ. ಮೊದಲು ಮಗ ಹೇಳುವುದಿಲ್ಲ, ಈಗ ಮೇಷ್ಟ್ರೂ ಹೇಳುವುದಿಲ್ಲ. ನಿನಗೆ ಗೊತ್ತಾಗಬೇಕೋ ಬೇಡವೋ?’

ಗಾಯಗೊಂಡವನ ತಾಯಿಗೆ ಸಿಕ್ಕಿದ್ದೇನು? ಹುಡುಗನ ತಂದೆ ಐನೂರು ರೂಪಾಯಿ ಮುಂದೆ ಹಿಡಿದರು, ಆಕೆ ಮುಟ್ಟಲಿಲ್ಲ. ಎಲ್ಲರೆದುರು ಕೈ ಮುಗಿಸುವುದೂ ಆಕೆಗೆ ಬೇಕಿರಲಿಲ್ಲ. ಎರಡು ವಿಷಯ ಕೇಳಿದರು. ಕೊಯ್ಲು ಮುಗಿಯುವವರೆಗೆ ಊಟದ ಸಾಲಿನಲ್ಲಿ ಇಬ್ಬರೂ ಹತ್ತಿರ ಕೂರಬಾರದು. ಕಾಲುದಾರಿಯಲ್ಲಿ ತನ್ನ ಮಗ ಇನ್ನು ಇವನೊಂದಿಗೆ ಒಬ್ಬನೇ ನಡೆಯಬಾರದು, ಆದ್ದರಿಂದ ಪಿಕಪ್ ಬೆಳಗಿನ ಎರಡನೇ ಸುತ್ತಿಗೆ ಹೊರಡುವಾಗ ಆ ಲೈನಿನ ಮಕ್ಕಳನ್ನೆಲ್ಲ ಶಾಲೆಯ ಗೇಟಿನವರೆಗೆ ಬಿಡಬೇಕು. ಕಾನೂನು ಓದಿದ ನಮಗೆ ಯಾರಿಗೂ ಹೊಳೆಯದ ಪರಿಹಾರ. ಇದಕ್ಕೆ ತೋಟದ ಮ್ಯಾನೇಜರ್ ಒಪ್ಪಬೇಕಾಗಿತ್ತು. ಎರಡು ಸಲ ಆಗದು ಎಂದು ಮೂರನೇ ಸಲ ಒಪ್ಪಿದರು.

ಸಭೆಗೆ ಬಾರದ ಮೂರನೆಯವರು

ಶಿಕ್ಷಕರೋ ಪೋಷಕರೋ ಎಂದು ಪ್ರಶ್ನೆ ಹಾಕಿದಾಗಲೆಲ್ಲ ತೋಟ ತಪ್ಪಿಸಿಕೊಳ್ಳುತ್ತದೆ. ಬೆಳಿಗ್ಗೆ ಎಂಟರಿಂದ ತೂಕ ಮುಗಿಯುವವರೆಗೆ ಪೋಷಕರನ್ನು ತನ್ನಲ್ಲಿ ಇರಿಸಿಕೊಳ್ಳುವುದು ತೋಟ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಇದನ್ನು ಅರಿತೇ ಬರೆದದ್ದು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕು ಎಂದಿತ್ತು. ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಅವರ ಶಿಕ್ಷಣದ ಸೌಲಭ್ಯಕ್ಕೆ ಮಾಲೀಕರನ್ನು ಹೊಣೆ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತ್ತು. ಕೊಡಗಿನ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರು, ಅವರಿಗೆ ಇದು ತಾಗುತ್ತಲೇ ಇರಲಿಲ್ಲ. ದೊಡ್ಡ ತೋಟಗಳಿಗೆ ತಾಗುತ್ತಿತ್ತು. ಆದರೂ ಶಾಲೆ ಶುರುವಾಗುವ ಮುಂಚಿನ ಎರಡು ಗಂಟೆ ಲೈನ್ ಮನೆಯ ಮಕ್ಕಳು ಏನು ಮಾಡುತ್ತಾರೆ ಎಂದು ಮ್ಯಾನೇಜರ್‌ಗಳನ್ನು ಕೇಳಿ ನೋಡಿ. ಅದು ನಮ್ಮ ವಿಷಯವಲ್ಲ ಎಂಬ ಉತ್ತರ ಬರುತ್ತದೆ. ಸಭೆಗೆ ತೋಟದ ಕಡೆಯಿಂದ ಯಾರನ್ನೂ ಕರೆದಿರಲಿಲ್ಲ. ಕರೆಯಬೇಕೆಂದು ಯಾರಿಗೂ ತೋಚಿರಲೂ ಇಲ್ಲ.

ಆಮೇಲೆ

ಪಿಕಪ್ ಬಂದ ಮೇಲೆ ತಡವಾಗುವುದು ಬಹುಮಟ್ಟಿಗೆ ನಿಂತಿತು. ಗಣಿತ ಅಷ್ಟೇನೂ ಸುಧಾರಿಸಲಿಲ್ಲ. ಫೆಬ್ರವರಿಯಲ್ಲಿ ತಂದೆ ಮತ್ತೊಮ್ಮೆ ಹೊಡೆದರು, ಶಾಲೆಯ ಕಾರಣಕ್ಕಲ್ಲ, ಮನೆಯಲ್ಲಿ ದುಡ್ಡು ಕಾಣೆಯಾದದ್ದಕ್ಕೆ. ಹುಡುಗ ಮರುದಿನ ತಾನಾಗಿಯೇ ಬಂದು ಅತಿಥಿ ಶಿಕ್ಷಕಿಗೆ ಹೇಳಿದ. ಮುಖ್ಯ ಶಿಕ್ಷಕಿ ತಾಯಿಯನ್ನು ಕರೆಸಿ ಮಾತನಾಡಿದರು, 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನೂ ಕೊಟ್ಟರು. ಅಷ್ಟರ ಮಟ್ಟಿಗೆ ದಾರಿ ತೆರೆದಿತ್ತು. ಆದರೆ ಅವನು ನಂಬಿದ್ದ ಆ ಒಬ್ಬ ಶಿಕ್ಷಕಿಯ ನೇಮಕಾತಿ ಶೈಕ್ಷಣಿಕ ವರ್ಷದೊಂದಿಗೆ ಮುಗಿಯಿತು. ಅತಿಥಿ ಶಿಕ್ಷಕರ ಪಾಡೇ ಅದು. ಮುಂದಿನ ಜೂನ್‌ನಲ್ಲಿ ಅವರು ಬೇರೆ ಶಾಲೆಗೆ ಹೋದರು.

ಹುಡುಗ ಈಗ ಎಂಟನೇ ತರಗತಿ, ಬಸ್ಸಿನಲ್ಲಿ ಹೋಗಬೇಕಾದ ಪ್ರೌಢಶಾಲೆಯಲ್ಲಿದ್ದಾನೆ. ಅಲ್ಲಿಂದ ತಂದೆಗೆ ಒಂದು ದೂರಿನ ಕರೆ ಬಂತು, ಹೋಂವರ್ಕ್ ವಿಷಯಕ್ಕೆ. ಮರುದಿನ ಬೆಳಿಗ್ಗೆ ಅವರು ಪಿಕಪ್ ನಿಲ್ಲಿಸಿ ನೇರ ಮುಖ್ಯ ಶಿಕ್ಷಕರ ಕೊಠಡಿಗೆ ಹೋಗಿ ಕೇಳಿದರಂತೆ: ‘ನೀವು ಶಾಲೆಯಲ್ಲಿ ಏನು ಮಾಡಿದಿರಿ, ಮೊದಲು ಅದನ್ನು ಹೇಳಿ.’ ಈ ಪೋಷಕರಿಗೆ ಸೊಕ್ಕು ಜಾಸ್ತಿ ಎಂದು ಆ ಮುಖ್ಯ ಶಿಕ್ಷಕರು ನನ್ನೊಡನೆ ದೂರಿಕೊಂಡರು.